ಮಳೆ ಅಲ್ಲಿ, ಮಹಾಪೂರ ಇಲ್ಲಿ: ಅಳೆದು ಕಲಿಯುವ ಪರಿಸರ ಪಾಠ

ಕೃಷ್ಣೆಯ ದಂಡೆಯಲ್ಲಿ ಹೊಳೆ ಏರಬೇಕಾದರೆ ಊರ ಮೇಲೆ ಮಳೆ ಸುರಿಯಲೇಬೇಕೆಂದಿಲ್ಲ. 2005, 2019 ಮತ್ತು 2021ರಲ್ಲಿ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ನದಿತೀರವನ್ನು ಮುಳುಗಿಸಿದ ನೀರು ಮುಖ್ಯವಾಗಿ ಬಂದದ್ದು ಸಹ್ಯಾದ್ರಿಯ ನೆತ್ತಿಯಿಂದ. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿ.ಮೀ. ಮೀರಿ ಮಳೆಯಾಗುತ್ತದೆ, ಅಥಣಿಯ ಪೂರ್ವದ ಎರೆಭೂಮಿಗೆ ಬೀಳುವುದು ಹೆಚ್ಚೂಕಡಿಮೆ ಅದರ ಹತ್ತನೇ ಒಂದು ಪಾಲು. 'ಜಲಾನಯನ ಪ್ರದೇಶ' ಎಂಬ ಮಾತನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುವುದು ಸುಲಭ. ಆದರೆ ಶಾಲೆಯ ಅಂಗಳದ ಮಳೆಮಾಪಕದಲ್ಲಿ ನಾಲ್ಕೇ ಮಿ.ಮೀ. ಕಂಡ ದಿನ ಸೇತುವೆಯ ಕಂಬದ ಮೇಲಿನ ಗುರುತಿನಲ್ಲಿ ನೀರು ಮೊಳದುದ್ದ ಏರಿದ್ದನ್ನು ತಾನೇ ಬರೆದಿಟ್ಟ ಮಗು, ಈ ನೀರು ಎಲ್ಲಿಯದು ಎಂದು ಕೇಳದೆ ಇರಲಾರದು. ಪರಿಸರ ವಿಜ್ಞಾನ ಈ ಭಾಗದ ಶಾಲೆಗಳಲ್ಲಿ ಆ ಪ್ರಶ್ನೆಯಿಂದ ಶುರುವಾಗಬೇಕು. ಅದನ್ನು ಹುಟ್ಟಿಸುವ ಶಕ್ತಿ ಇರುವುದು ಅಳತೆಗೆ.

ಸಲಕರಣೆ ದುಬಾರಿಯಲ್ಲ. ನೇರ ಗೋಡೆಯ, ಸಮತಟ್ಟಾದ ತಳದ ಡಬ್ಬಿ ಮತ್ತು ಒಂದು ಅಳತೆಪಟ್ಟಿ ಸಾಕು, ಮಳೆ ಅಳೆಯಬಹುದು. ಚದರ ಮೀಟರಿಗೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್ ನೀರು. ಆ ಲೆಕ್ಕದಲ್ಲಿ 25 ಮಿ.ಮೀ. ಮಳೆ ಎಕರೆಗೆ ಸುಮಾರು ಒಂದು ಲಕ್ಷ ಲೀಟರ್ ನೀರು ತರುತ್ತದೆ ಎಂದು ಗೊತ್ತಾದಾಗ ಗಣಿತ ಹೊಲಕ್ಕೆ ಇಳಿಯುತ್ತದೆ. ಇದಕ್ಕಿಂತ ದೊಡ್ಡ ಪಾಠವೊಂದು ದಾಖಲೆ ಪುಸ್ತಕದಲ್ಲಿದೆ. ಮಳೆ ಬಾರದ ದಿನ ಸೊನ್ನೆ ಬರೆಯಬೇಕು. ಅಳೆಯದ ದಿನ ಖಾಲಿ ಬಿಡಬೇಕು. ರವಿವಾರ ಶಾಲೆಗೆ ಬೀಗ ಬಿದ್ದಿದ್ದರೆ ಸೋಮವಾರದ ಅಂಕಿ ಎರಡು ದಿನದ್ದೆಂದು ಪಕ್ಕದಲ್ಲೇ ನಮೂದಿಸಬೇಕು. ಗೊತ್ತಿಲ್ಲದ್ದನ್ನು ಊಹಿಸಿ ತುಂಬಬಾರದೆಂಬ ಈ ಶಿಸ್ತನ್ನು ಪಠ್ಯಪುಸ್ತಕದ ಯಾವ ಪ್ರಶ್ನೋತ್ತರವೂ ಕಲಿಸಲಾರದು.

ನೀರಾವರಿಯ ಕಬ್ಬಿನ ಸೀಮೆಯಲ್ಲಿ ಅಳೆಯಬೇಕಾದ್ದು ನೆಲದೊಳಗೂ ಇದೆ. ಹಾಯಿಸಿದ ನೀರು ಬಸಿದು ಹೋಗದೆ ನಿಂತರೆ ನೆಲದಡಿಯ ನೀರಿನ ಮಟ್ಟ ಮೇಲೇರುತ್ತದೆ, ಬಿಸಿಲಿಗೆ ನೀರು ಆರಿ ಉಪ್ಪು ಮಣ್ಣಿನಲ್ಲೇ ಉಳಿಯುತ್ತದೆ. ರೈತರು ಸವಳು-ಜವಳು ಎನ್ನುವುದು ಇದಕ್ಕೇ. ತೂತು ಕೊರೆದ ಪೈಪೊಂದನ್ನು ಹೊಲದಂಚಿನಲ್ಲಿ ಹೂಳಿ, ನೀರು ಎಷ್ಟು ಕೆಳಗಿದೆ ಎಂದು ತಿಂಗಳಿಗೊಮ್ಮೆ ಕೋಲಿನಿಂದ ನೋಡಬಹುದು. ಮಣ್ಣನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಕದಡಿ ಸೋಸಿ, ಮನೆಯ ಫಿಲ್ಟರ್ ನೀರು ಪರೀಕ್ಷಿಸುವ ಟಿಡಿಎಸ್ ಮೀಟರ್ ಅದ್ದಿದರೆ ಎರಡು ಹೊಲಗಳ ಉಪ್ಪಿನ ವ್ಯತ್ಯಾಸ ಸ್ಥೂಲವಾಗಿ ತಿಳಿಯುತ್ತದೆ. ಅಪ್ಪನ ಹೊಲ ಏಕೆ ಇಳುವರಿ ಕೊಡುತ್ತಿಲ್ಲ ಎಂಬುದಕ್ಕೆ ಮಗುವಿನ ಕೈಯಲ್ಲೊಂದು ಸುಳಿವು ಸಿಗುತ್ತದೆ.

ಮಕ್ಕಳ ಅಳತೆಯನ್ನು ನಂಬುವುದು ಹೇಗೆ ಎಂಬ ಆಕ್ಷೇಪ ಸಹಜ. ನಂಬಬೇಕಿಲ್ಲ, ತಾಳೆ ನೋಡಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿದೆ. ಶಾಲೆಯ ಅಂಕಿ ಅದಕ್ಕೆ ಹೊಂದದಿದ್ದರೆ ಡಬ್ಬಿಯ ಮೇಲೆ ಮರದ ಕೊಂಬೆ ಚಾಚಿದೆಯೇ, ಅಳೆದ ಹೊತ್ತು ಬೇರೆಯೇ ಎಂದು ಹುಡುಕುವುದು ಕಲಿಕೆಯ ಅತ್ಯುತ್ತಮ ಭಾಗ. ಪಠ್ಯ ಮುಗಿಸಲೇ ಸಮಯವಿಲ್ಲ, ಸರ್ಕಾರಿ ಶಾಲೆಗಳಿಗೆ ಇದು ಆಗದ ಮಾತು ಎನ್ನುವವರಿಗೆ ಹೋಶಂಗಾಬಾದ್ ಉತ್ತರ ಕೊಡುತ್ತದೆ. 1972ರಲ್ಲಿ ಮಧ್ಯಪ್ರದೇಶದ ಆ ಜಿಲ್ಲೆಯ 16 ಶಾಲೆಗಳಲ್ಲಿ ಆರಂಭವಾದ ಪ್ರಯೋಗಮುಖಿ ವಿಜ್ಞಾನ ಶಿಕ್ಷಣ ನೂರಾರು ಶಾಲೆಗಳಿಗೆ ಹಬ್ಬಿ, 2002ರವರೆಗೆ ನಡೆಯಿತು. ಅದು ನಿಂತದ್ದು ಸರ್ಕಾರದ ತೀರ್ಮಾನದಿಂದ. ಅಲ್ಲಿ ಶಿಕ್ಷಕರಿಗೆ ಮತ್ತೆ ಮತ್ತೆ ತರಬೇತಿ ಸಿಕ್ಕಿತ್ತು, ಪರೀಕ್ಷೆಯ ಸ್ವರೂಪವೇ ಬದಲಾಗಿತ್ತು. ಆ ಎರಡೂ ಇಲ್ಲದೆ ಡಬ್ಬಿಗಳನ್ನಷ್ಟೇ ಹಂಚಿದರೆ ಅವು ಕಪಾಟಿನಲ್ಲಿ ಧೂಳು ತಿನ್ನುತ್ತವೆ ಎಂಬುದನ್ನು ಒಪ್ಪಬೇಕು.

ಅಪಾಯದ ಪ್ರಶ್ನೆ ಎಲ್ಲಕ್ಕಿಂತ ಗಂಭೀರ. ದೂಧಗಂಗೆ, ವೇದಗಂಗೆ ಉಕ್ಕುವ ದಿನಗಳಲ್ಲಿ ನಿಪ್ಪಾಣಿ ಕಡೆಯ ಮಕ್ಕಳಾಗಲಿ, ಕೃಷ್ಣೆಯ ದಂಡೆಯವರಾಗಲಿ ನೀರಿನ ಹತ್ತಿರ ಸುಳಿಯಕೂಡದು. ಆ ದಿನಗಳ ನೀರಿನ ಮಟ್ಟದ ಸಾಲು ಖಾಲಿಯೇ ಇರಲಿ, ಕಾರಣ ಬರೆದಿಡಲಿ. ಪ್ರವಾಹ ಪೂರ್ತಿ ಇಳಿದ ಮೇಲೆ ಶಿಕ್ಷಕರ ಜೊತೆ ಓಣಿ ಓಣಿ ತಿರುಗಿ, ಗೋಡೆಗಳಲ್ಲಿ ಉಳಿದ ಕೆಸರಿನ ಗೆರೆಯ ಎತ್ತರವನ್ನು ಟೇಪಿನಿಂದ ಅಳೆದು ಊರಿನ ನಕ್ಷೆಯಲ್ಲಿ ಗುರುತಿಸಬಹುದು. ಹೊಸ ಮನೆಗೆ, ಅಂಗನವಾಡಿಗೆ ಜಾಗ ಹುಡುಕುವಾಗ ಗ್ರಾಮ ಪಂಚಾಯಿತಿಗೂ ಅಂಥ ನಕ್ಷೆ ಬೇಕಾಗುತ್ತದೆ.