ಆಟಗಾರರನ್ನು ಅರಸುವ ಕಾಲೇಜುಗಳು

ಅಮೆರಿಕದ ಕಾಲೇಜುಗಳಲ್ಲಿ ಫುಟ್‌ಬಾಲ್ ಎಂದರೆ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಮುನ್ನುಗ್ಗುವ ಆಟ. ತರಬೇತುದಾರರು ಪ್ರೌಢಶಾಲೆಗಳಿಗೆ ಹೋಗಿ, ಹುಡುಗರ ತಂದೆತಾಯಿಗಳನ್ನು ಕಂಡು, ವಿದ್ಯಾರ್ಥಿವೇತನದ ಭರವಸೆಯಿತ್ತು ಆಟಗಾರರನ್ನು ಕರೆತರುವುದು ಅಲ್ಲಿನ ಹಳೆಯ ವಾಡಿಕೆ. ಕಾಲೇಜು ಬದಲಿಸಿದವನು ಸಾಮಾನ್ಯವಾಗಿ ಒಂದು ವರ್ಷ ಆಡದೆ ಇರಬೇಕಾಗಿತ್ತು. 2021ರಲ್ಲಿ ಈ ನಿರ್ಬಂಧ ಸಡಿಲವಾಯಿತು. ಅದೇ ಜುಲೈನಿಂದ ತನ್ನ ಹೆಸರು, ಭಾವಚಿತ್ರಗಳಿಂದ ಹಣ ಗಳಿಸುವ ಹಕ್ಕೂ ಆಟಗಾರನಿಗೆ ದೊರೆಯಿತು. 2025ರ ಜುಲೈನಿಂದ ಕಾಲೇಜುಗಳೇ ತಮ್ಮ ಕ್ರೀಡಾಪಟುಗಳಿಗೆ ನೇರವಾಗಿ ಹಣ ಹಂಚತೊಡಗಿದವು. ಮೊದಲ ವರ್ಷದ ಮಿತಿ ಸಂಸ್ಥೆಯೊಂದಕ್ಕೆ ಸುಮಾರು 2 ಕೋಟಿ 5 ಲಕ್ಷ ಡಾಲರು.

ಇದನ್ನು ಅನ್ಯಾಯವೆನ್ನಲಾಗದು, ಬೆವರು ಸುರಿಸಿದವನಿಗೆ ಪಾಲು ಸಲ್ಲತಕ್ಕುದೇ. ಆದರೆ ಸಣ್ಣ ಕಾಲೇಜಿನ ಪಾಡೇನು? ಅದು ಎರಡು ವರ್ಷ ತಿದ್ದಿ ತೀಡಿದ ಹುಡುಗನನ್ನು ಸಿರಿವಂತ ವಿಶ್ವವಿದ್ಯಾಲಯವು ಸೆಳೆದೊಯ್ಯುತ್ತದೆ. ಹೊಸಬರನ್ನು ಅರಸುವುದರೊಡನೆ ಇದ್ದವರನ್ನೂ ವರ್ಷವರ್ಷವೂ ಒಲಿಸಿಕೊಳ್ಳಬೇಕು. ಪಳಗಿದವನೇ ದೊರೆಯುವಾಗ ಪ್ರೌಢಶಾಲೆಯ ಎಳೆಯನಿಗಾಗಿ ಕಾಯುವವರಾದರೂ ಯಾರು?

ಹಾರ್ವರ್ಡ್, ಯೇಲ್ ಮೊದಲಾದ ಐವಿ ಲೀಗಿನ ಎಂಟು ಸಂಸ್ಥೆಗಳು ಈ ಹಂಚಿಕೆಯನ್ನು ಒಪ್ಪಲಿಲ್ಲ. ಕ್ರೀಡೆಗೆಂದು ವಿದ್ಯಾರ್ಥಿವೇತನವನ್ನೂ ಅವು ಕೊಡುವುದಿಲ್ಲ. ಇದಕ್ಕಿಂತ ಕಠಿಣವಾದ ದಾರಿಯನ್ನು ಷಿಕಾಗೋ ವಿಶ್ವವಿದ್ಯಾಲಯವು ಹಿಂದೆಯೇ ಹಿಡಿದಿತ್ತು. ಮುಂದೆ ಹೈಸ್ಮನ್ ಎಂದು ಹೆಸರಾದ ಪ್ರಶಸ್ತಿಯನ್ನು 1935ರಲ್ಲಿ ಮೊಟ್ಟಮೊದಲು ಪಡೆದವನು ಅದರ ವಿದ್ಯಾರ್ಥಿ. ನಾಲ್ಕೇ ವರ್ಷಗಳಲ್ಲಿ, 1939ರಲ್ಲಿ, ಅದು ಆಟವನ್ನೇ ಕೈಬಿಟ್ಟಿತು. 1969ರಲ್ಲಿ ಮರಳಿ ಆರಂಭಿಸಿದ ಆ ತಂಡವು ಇಂದಿಗೂ ಕ್ರೀಡಾ ವಿದ್ಯಾರ್ಥಿವೇತನವಿಲ್ಲದೆ ಆಡುತ್ತಿದೆ.