ಅಧಿಕಾರಿ ನಾಯಕನಾಗುವ ಬಗೆ

ಪ್ರಶ್ನೆ: ಸರ್ಕಾರಿ ಅಧಿಕಾರಿಗಳಿಗೆ ದುಬೈ, ಅಬುಧಾಬಿಗಳಲ್ಲಿ ನಾಯಕತ್ವದ ತರಬೇತಿ ಕೊಡುತ್ತಾರಂತೆ, ನಾಯಕತ್ವವನ್ನು ಕಲಿಸಲು ಸಾಧ್ಯವೇ?

ಉತ್ತರ: ದುಬೈ, ಅಬುಧಾಬಿಗಳು ಸೇರಿರುವ ಸಂಯುಕ್ತ ಅರಬ್ ಸಂಸ್ಥಾನ ರಚನೆಯಾದದ್ದು 1971ರಲ್ಲಿ. ಸ್ವದೇಶಿ ನಾಗರಿಕರ ಸಂಖ್ಯೆ ಕಡಿಮೆಯಿದ್ದು ಆಡಳಿತ ಬೇಗಬೇಗನೆ ಹಿಗ್ಗಿದ್ದರಿಂದ, ಅನುಭವ ತಾನಾಗಿ ಮಾಗುವವರೆಗೆ ಕಾಯುವ ವ್ಯವಧಾನ ಆ ದೇಶಕ್ಕಿರಲಿಲ್ಲ. ಆದ್ದರಿಂದ ದುಬೈಯಲ್ಲಿ 2003ರಲ್ಲಿ ಮೊಹಮ್ಮದ್ ಬಿನ್ ರಶೀದ್ ನಾಯಕತ್ವ ಅಭಿವೃದ್ಧಿ ಕೇಂದ್ರವೂ, 2005ರಲ್ಲಿ ಸಾರ್ವಜನಿಕ ನೀತಿಯನ್ನು, ಅಂದರೆ ಸರ್ಕಾರ ತೀರ್ಮಾನ ಕೈಗೊಳ್ಳುವ ಕ್ರಮವನ್ನು, ಬೋಧಿಸುವ ಆಡಳಿತ ಶಾಲೆಯೂ ಆರಂಭವಾದವು. ಅಬುಧಾಬಿಯಲ್ಲಿ ರಾಜತಾಂತ್ರಿಕರಿಗಾಗಿ ಪ್ರತ್ಯೇಕ ಅಕಾಡೆಮಿಯೊಂದು 2014ರಲ್ಲಿ ಸ್ಥಾಪನೆಗೊಂಡಿತು.

ಇಂಥ ತರಬೇತಿಯ ಒಳಗುಟ್ಟನ್ನು ಹಳ್ಳಿಯ ಬಾವಿಯಲ್ಲಿ ಈಜು ಕಲಿಸುವ ಕ್ರಮಕ್ಕೆ ಹೋಲಿಸಬಹುದು. ದಡದಲ್ಲಿ ಹೇಳಿಕೊಟ್ಟ ಪಾಠದಿಂದ ಯಾರೂ ತೇಲುವುದಿಲ್ಲ. ಸೊಂಟಕ್ಕೆ ಹಗ್ಗ ಬಿಗಿದು ನೀರಿಗಿಳಿಸಿ, ಕೈಕಾಲು ಪಳಗಿದಂತೆ ಹಗ್ಗವನ್ನು ಸಡಿಲಿಸಬೇಕು. ಅದರಂತೆಯೇ ಆಯ್ದ ಅಧಿಕಾರಿಯ ಗುಣದೋಷಗಳನ್ನು ಮೊದಲು ಅಳೆದು, ಬಳಿಕ ಇಲಾಖೆಯ ನಿಜವಾದ ಸಮಸ್ಯೆಯೊಂದನ್ನು ಅವನಿಗೊಪ್ಪಿಸಲಾಗುತ್ತದೆ. ಮಾರ್ಗದರ್ಶಕ, ಎಂದರೆ ಉತ್ತರ ಹೇಳದೆ ಪ್ರಶ್ನೆ ಕೇಳುವ ಹಿರಿಯ, ಹಗ್ಗ ಹಿಡಿದಿರುತ್ತಾನೆ. ತಪ್ಪಿದರೂ ಮುಳುಗದಂಥ ಈ ಅವಕಾಶವೇ ತರಬೇತಿಯ ಜೀವಾಳ. ಪ್ರಮಾಣಪತ್ರವಾದರೋ ಗೋಡೆಗೆ ಶೋಭೆ. ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯಲ್ಲಿ ಕಲಿತ ಕರ್ನಾಟಕದ ಹೊಸ ಅಧಿಕಾರಿಗಳನ್ನು ಜಿಲ್ಲೆಗಳಿಗೆ ಪರೀಕ್ಷಾರ್ಥವಾಗಿ ಕಳುಹಿಸುವುದರ ಹಿಂದಿರುವುದೂ ಇದೇ ತತ್ತ್ವ.