ಚಿಟ್ಟೆಯನ್ನು ಆರು ಸಲ ಬಿಡಿಸಿದ ಹುಡುಗ

ಮದ್ರಸ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಉಮ್ಮಂದಿರು ಕೇಳುವುದು ಒಂದೇ ಪ್ರಶ್ನೆ. ‘ಉಸ್ತಾದ್, ನಮ್ಮವನು ಎಷ್ಟನೇ ಪಾಠಕ್ಕೆ ಬಂದ?’ ಪಾಠ ಮುಂದೆ ಹೋದರೆ ಸಮಾಧಾನ, ನಿಂತರೆ ಬೇಸರ. ಕಲಿತನಾ ಅಂತ ಕೇಳುವವರು ಕಡಿಮೆ. ತಪ್ಪು ಅವರದ್ದು ಮಾತ್ರ ಅಲ್ಲ, ಉಸ್ತಾದರಾದ ನಾವೂ ಹಾಗೇ ಲೆಕ್ಕ ಹಾಕುತ್ತೇವೆ. ಅಮೆರಿಕದ ಕೆಲವು ಶಾಲೆಗಳ ಬಗ್ಗೆ ಓದಿದ ಮೇಲೆ ಈ ಲೆಕ್ಕದ ಮೇಲೆಯೇ ನಮಗೆ ಸಂಶಯ ಬಂತು.

2009ರ ಫೆಬ್ರವರಿ. ಬರಾಕ್ ಒಬಾಮ ಅಧ್ಯಕ್ಷರಾಗಿ ಎರಡು ವಾರ ಆಗಿತ್ತಷ್ಟೆ. ಪತ್ನಿಯ ಜೊತೆ ವಾಷಿಂಗ್ಟನ್ ನಗರದ ಒಂದು ಶಾಲೆಗೆ ಹೋಗಿ ಎರಡನೇ ತರಗತಿಯ ಮಕ್ಕಳಿಗೆ ಕಥೆ ಓದಿ ಹೇಳಿದರು. ದೊಡ್ಡ ಫೀಸಿನ ಶಾಲೆ ಅಲ್ಲ ಅದು. ಕ್ಯಾಪಿಟಲ್ ಸಿಟಿ ಪಬ್ಲಿಕ್ ಚಾರ್ಟರ್ ಸ್ಕೂಲ್, 2000ದಲ್ಲಿ ಕೆಲವು ತಂದೆತಾಯಂದಿರು, ಟೀಚರುಗಳು ಸೇರಿ ಶುರು ಮಾಡಿದ್ದು. ಕಪ್ಪು ವರ್ಣೀಯರ ಮಕ್ಕಳು, ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುವ ವಲಸೆಗಾರರ ಮಕ್ಕಳು, ಬಿಳಿಯರ ಮಕ್ಕಳು ಎಲ್ಲರೂ ಅಲ್ಲಿ ಒಟ್ಟಿಗೆ ಕಲಿಯುತ್ತಾರೆ.

ಚಾರ್ಟರ್ ಶಾಲೆ ಅಂದರೆ ಖರ್ಚು ಸರ್ಕಾರದ್ದು, ನಡೆಸುವುದು ಬೇರೆಯವರು. ನಮ್ಮ ಅನುದಾನಿತ ಶಾಲೆಯ ಹಾಗೆ ಕಂಡರೂ ವ್ಯತ್ಯಾಸ ಇದೆ. ಒಪ್ಪಂದ ಇಂತಿಷ್ಟು ವರ್ಷಕ್ಕೆ ಮಾತ್ರ, ಮಕ್ಕಳು ಕಲಿಯದಿದ್ದರೆ ಶಾಲೆ ಮುಚ್ಚಬೇಕಾಗುತ್ತದೆ. ಫೀಸು ಇಲ್ಲ. ಸೀಟಿಗಿಂತ ಅರ್ಜಿ ಹೆಚ್ಚಾದರೆ ಲಾಟರಿ ಎತ್ತುತ್ತಾರೆ. 1991ರಲ್ಲಿ ಮಿನ್ನೆಸೋಟ ರಾಜ್ಯ ಇದಕ್ಕೆ ಮೊದಲ ಕಾನೂನು ಮಾಡಿತು, ಮರುವರ್ಷ ಸೇಂಟ್ ಪಾಲ್ ನಗರದಲ್ಲಿ ಮೊದಲ ಶಾಲೆ ತೆರೆಯಿತು.

ಕ್ಯಾಪಿಟಲ್ ಸಿಟಿ ಶಾಲೆ ಹಿಡಿದ ಕಲಿಕೆಯ ಕ್ರಮಕ್ಕೆ ಇ.ಎಲ್. ಎಜುಕೇಶನ್ ಎಂದು ಹೆಸರು. ಒಂದೇ ವಿಷಯವನ್ನು ವಾರಗಟ್ಟಲೆ ಕಲಿಯುವುದು. ನದಿಯ ಪಾಠ ಅಂದರೆ ಪುಸ್ತಕದ ನದಿ ಸಾಕಾಗುವುದಿಲ್ಲ. ದಡಕ್ಕೆ ಹೋಗಬೇಕು, ನೀರು ತಂದು ಪರೀಕ್ಷೆ ಮಾಡಬೇಕು, ಗೊತ್ತಿದ್ದವರನ್ನು ಕೇಳಬೇಕು, ಕೊನೆಗೆ ಊರಿನವರಿಗೆ ಉಪಯೋಗ ಆಗುವಂಥದ್ದೇನಾದರೂ ತಯಾರಿಸಿ ಕೊಡಬೇಕು.

ಇದೇ ಕ್ರಮದ ಇನ್ನೊಂದು ಚಾರ್ಟರ್ ಶಾಲೆ ಐಡಾಹೊ ರಾಜ್ಯದ ಬೋಯ್ಸಿ ನಗರದಲ್ಲಿದೆ, ಹೆಸರು ಆನ್ಸರ್. ಅಲ್ಲಿಯ ಒಂದನೇ ತರಗತಿಯ ಒಬ್ಬ ಹುಡುಗನ ಕಥೆಯನ್ನು ರಾನ್ ಬರ್ಗರ್ ಎಂಬ ಶಿಕ್ಷಣ ತಜ್ಞರು ಹೋದಲ್ಲೆಲ್ಲ ಹೇಳುತ್ತಾರೆ. ಹುಡುಗ ಫೋಟೊ ನೋಡಿ ಒಂದು ಚಿಟ್ಟೆಯ ಚಿತ್ರ ಬಿಡಿಸಬೇಕಿತ್ತು. ಮೊದಲು ಬಿಡಿಸಿದ್ದು ಎಲ್ಲಾ ಸಣ್ಣ ಮಕ್ಕಳು ಗೀಚುವ ಹಾಗೇ ಇತ್ತು. ಟೀಚರ್ ಮಾರ್ಕು ಕೊಡಲಿಲ್ಲ, ಬೈಯಲೂ ಇಲ್ಲ. ಜೊತೆಯ ಮಕ್ಕಳೇ ನೋಡಿ ರೆಕ್ಕೆಯ ಆಕಾರ ಹೀಗೆ ಬರಬೇಕು ಅಂದರು, ಆಮೇಲೆ ರೆಕ್ಕೆ ಒಳಗಿನ ಗೆರೆಗಳ ಬಗ್ಗೆ ಹೇಳಿದರು. ಹುಡುಗ ಮತ್ತೆ ಮತ್ತೆ ಬಿಡಿಸಿದ. ಆರನೆಯದು ನೋಡಿದರೆ ಆರು-ಏಳು ವರ್ಷದವನ ಕೈ ಅಂತ ನಂಬುವುದು ಕಷ್ಟ. ನಮ್ಮಲ್ಲಾದರೆ ಮೊದಲನೆಯದಕ್ಕೇ ಹತ್ತರಲ್ಲಿ ನಾಲ್ಕು ಹಾಕಿ ಪುಟ ತಿರುಗಿಸುತ್ತಿದ್ದೆವು.

ಇನ್ನು ಅಂಗವಿಕಲ ಮಕ್ಕಳು. 1975ರಿಂದ ಅಮೆರಿಕದ ಕಾನೂನು ಇಂಥ ಪ್ರತಿ ಮಗುವಿಗೂ ಬೇರೆಯೇ ಒಂದು ಕಲಿಕಾ ಯೋಜನೆ ಬರೆಯಬೇಕು, ಆದಷ್ಟು ಇತರ ಮಕ್ಕಳ ಜೊತೆಗೇ ಕಲಿಸಬೇಕು ಅನ್ನುತ್ತದೆ. ಯೋಜನೆ ಬರೆಯುವಾಗ ತಂದೆತಾಯಿಯೂ ಕೂರಬೇಕು. ಕೆಲವು ಶಾಲೆಗಳಲ್ಲಿ ಒಂದೇ ತರಗತಿಗೆ ಇಬ್ಬರು ಟೀಚರ್, ಒಬ್ಬರು ವಿಶೇಷ ತರಬೇತಿ ಆದವರು. ಕಲಿಯಲು ಕಷ್ಟ ಇರುವ ಮಗುವನ್ನು ಬೇರೆ ಕೋಣೆಗೆ ಕಳಿಸುವ ಬದಲು ಟೀಚರೇ ಮಗುವಿನ ಹತ್ತಿರ ಬರುತ್ತಾರೆ.

ಎಲ್ಲಾ ಚಾರ್ಟರ್ ಶಾಲೆಗಳೂ ಹೀಗೆ ಅಂತಲ್ಲ. ಸರ್ಕಾರಿ ಶಾಲೆಗಳ ದುಡ್ಡು ಇವಕ್ಕೆ ಹೋಗುತ್ತದೆ ಎಂಬ ದೂರು ಅಲ್ಲಿ ಜೋರಾಗಿದೆ. ನಡೆಸಲಾಗದೆ ಮುಚ್ಚಿದವೂ ಇವೆ. ಮಿನ್ನೆಸೋಟದಲ್ಲಿ ಸೋಮಾಲಿ ಮುಸ್ಲಿಂ ಮಕ್ಕಳೇ ಹೆಚ್ಚಿರುವ ಚಾರ್ಟರ್ ಶಾಲೆಗಳಿವೆ. ಮಕ್ಕಳಿಗೆ ಅಲ್ಲಿ ನೆಮ್ಮದಿ ಅನ್ನುವವರೂ ಇದ್ದಾರೆ, ಒಂದೇ ಸಮುದಾಯದ ಮಕ್ಕಳು ಬೇರೆಯಾಗಿಬಿಡುತ್ತಾರೆ ಅನ್ನುವವರೂ ಇದ್ದಾರೆ. ಸ್ವಂತ ಶಾಲೆ ಕಟ್ಟುತ್ತಿರುವ ನಮ್ಮ ಜಮಾಅತ್‌ಗಳಿಗೆ ಎರಡೂ ಮಾತು ತಾಗಬೇಕು.

ಮತ್ತೆ ಮತ್ತೆ ಮಾಡಿ ಕಲಿಯುವುದು ನಮಗೇನು ಹೊಸತಲ್ಲ. ಒಬ್ಬರು ಸರಿಯಾಗಿ ನಮಾಝ್ ಮಾಡದೆ ಬಂದು ಸಲಾಂ ಹೇಳಿದಾಗ ಪ್ರವಾದಿ (ಸ.ಅ.) ಅವರನ್ನು ಮೂರು ಸಲ ಹಿಂದಕ್ಕೆ ಕಳಿಸಿದರು. ನನಗೆ ಇದಕ್ಕಿಂತ ಚೆನ್ನಾಗಿ ಗೊತ್ತಿಲ್ಲ, ಕಲಿಸಿ ಎಂದು ಅವರೇ ಕೇಳಿದ ಮೇಲೆ ಒಂದೊಂದನ್ನೇ ಬಿಡಿಸಿ ಹೇಳಿಕೊಟ್ಟರು. ಈ ಹದೀಸ್ ನಾವು ಎಷ್ಟು ಸಲ ಓದಿದ್ದೇವೆ! ತರಗತಿಗೆ ಮಾತ್ರ ತಂದಿಲ್ಲ.

ನಮ್ಮಲ್ಲಿ ಒಬ್ಬ ಹುಡುಗ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ. ಓದು ಹತ್ತುವುದಿಲ್ಲ ಅಂತ ನಾವೇ ಅಲ್ಲಿ ಕೂರಿಸಿದ್ದು. ಒಂದು ದಿನ ಎಲ್ಲರನ್ನೂ ನಳ್ಳಿಯ ಹತ್ತಿರ ಕರೆದುಕೊಂಡು ಹೋಗಿ ವುಳೂ ಮಾಡಿ ತೋರಿಸಿದೆವು. ಪಾಠ ಬಾಯಿಪಾಠ ಇದ್ದ ಮಕ್ಕಳು ಕ್ರಮ ತಪ್ಪಿಸಿದರು. ಇವನು ಒಂದೂ ತಪ್ಪಿಸಲಿಲ್ಲ. ಆಗ ಹೊಳೆಯಿತು, ಇವನಿಗೆ ಕಣ್ಣಿನಲ್ಲಿ ಕಂಡದ್ದು ಹತ್ತುತ್ತದೆ, ಕಿವಿಗೇ ಏನೋ ತೊಂದರೆ. ಉಪ್ಪನನ್ನು ಕರೆಸಿ ಹೇಳಿದೆವು. ಡಾಕ್ಟರ್ ನೋಡಿ ಒಂದು ಕಿವಿ ಬಹಳ ಕಡಿಮೆ ಕೇಳಿಸುತ್ತದೆ ಅಂದರು. ಎರಡು ವರ್ಷ ಅವನು ಹಿಂದೆ ಕೂತಿದ್ದ.

ಈಗ ಮುಂದಿನ ಸಾಲಿನಲ್ಲಿ, ನಮ್ಮ ಬಲಕ್ಕೆ ಕೂರುತ್ತಾನೆ. ಅಮೆರಿಕದ ಆ ಶಾಲೆಗಳಲ್ಲಿ ಪೋಷಕರ ಸಭೆ ಅಂದರೆ ಮಗುವೇ ತನ್ನ ಕೆಲಸ ತೋರಿಸಿ ಎಲ್ಲಿ ಎಡವಿದೆ, ಎಲ್ಲಿ ಸರಿಯಾಯಿತು ಎಂದು ಹೇಳುವುದಂತೆ. ಬರುವ ಸಭೆಯಲ್ಲಿ ನಾವೂ ಹಾಗೇ ಮಾಡುವುದು ಅಂತ ಇದ್ದೇವೆ. ಮೊದಲು ವುಳೂ ಮಾಡಿ ತೋರಿಸುವವನು ಅವನೇ.